ತಾಳ ತಪ್ಪುವುದು ಎಲ್ಲಿ? ಅರೆನಿಯತ ಕೆಂಪು ದೈತ್ಯರ ಸಮೀಕ್ಷೆ

ನ್ಯೂಜಿಲೆಂಡಿನ ನೆಲ್ಸನ್ ಪಟ್ಟಣದ ಆಲ್ಬರ್ಟ್ ಜೋನ್ಸ್ ಹವ್ಯಾಸಿ ಆಕಾಶವೀಕ್ಷಕರು. 2013ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ದಾಖಲಿಸಿದ್ದ ನಕ್ಷತ್ರಗಳ ಹೊಳಪಿನ ಅಂದಾಜುಗಳು ಐದು ಲಕ್ಷ ದಾಟಿದ್ದವು. ಆ ರಾಶಿಯಲ್ಲಿ ದಕ್ಷಿಣ ಆಕಾಶದ ಆರ್ ಡೊರಾಡಸ್ ಎಂಬ ಕೆಂಪು ನಕ್ಷತ್ರದ ದಶಕಗಳ ಲೆಕ್ಕವೂ ಇತ್ತು. 1998ರಲ್ಲಿ ಟಿಮ್ ಬೆಡ್ಡಿಂಗ್ ಮತ್ತು ಸಂಗಡಿಗರು ಆ ಲೆಕ್ಕವನ್ನು ಜಾಲಾಡಿ ಒಂದು ಪ್ರಬಂಧ ಬರೆದರು. ಜೋನ್ಸ್ ಕೂಡ ಅದರ ಲೇಖಕರಲ್ಲೊಬ್ಬರು. ಈ ನಕ್ಷತ್ರ ಕೆಲವು ವರ್ಷ ಸುಮಾರು 332 ದಿನಕ್ಕೊಮ್ಮೆ ಹೆಚ್ಚುಕಡಿಮೆ ಹದವಾಗಿ ಏರಿಳಿಯುತ್ತದೆ. ಆಮೇಲೆ ಅದರ ಏರಿಳಿತ ಕುಗ್ಗಿ, ಲಯ 175 ದಿನಕ್ಕೆ ಜಾರುತ್ತದೆ. ಕೆಲವು ವರ್ಷ ಕಳೆದು ಮತ್ತೆ ಹಳೆಯ ಲಯಕ್ಕೇ ಬರುತ್ತದೆ. ಯಾವಾಗ ಜಾರೀತು, ಯಾವಾಗ ಮರಳೀತು ಎಂದು ಮೊದಲೇ ಹೇಳುವ ಉಪಾಯವಿಲ್ಲ.

ಇಂಥವನ್ನು ಅರೆನಿಯತ ರೂಪವಿಕಾರಿಗಳು ಎನ್ನುತ್ತಾರೆ. ಇವುಗಳಲ್ಲಿ ಬಹುಪಾಲು ಕೆಂಪು ದೈತ್ಯ ನಕ್ಷತ್ರಗಳು. ಲಯ ಇದೆ, ನೆಚ್ಚಿಕೊಳ್ಳುವಂತಿಲ್ಲ. ಕೆಲವು ಸುತ್ತು ಲೆಕ್ಕದ ಪ್ರಕಾರ ನಡೆದು, ಇದ್ದಕ್ಕಿದ್ದಂತೆ ಒಂದು ಸುತ್ತು ಉದ್ದವಾಗುತ್ತದೆ, ಇನ್ನೊಂದು ಮಂಕಾಗುತ್ತದೆ, ಮತ್ತೊಂದು ಮಾಯವೇ ಆಗುತ್ತದೆ. ಈ ತಪ್ಪು ಹುಟ್ಟುವುದು ನಕ್ಷತ್ರದ ಒಡಲಿನಲ್ಲೋ, ಮೇಲ್ಮೈಯಲ್ಲೋ, ಅಥವಾ ನಕ್ಷತ್ರದ ಹೊರಗೆ ಸುಳಿದಾಡುವ ಧೂಳು, ಜೊತೆಗಾರ ಇತ್ಯಾದಿಗಳಿಂದಲೋ? ಕಳೆದ ಮೂವತ್ತು ವರ್ಷಗಳ ಸಂಶೋಧನೆ ಈ ಮೂರರ ಸುತ್ತಲೇ ತಿರುಗಿದೆ. ಮೂರೂ ಕಡೆ ಸಾಕ್ಷ್ಯ ಸಿಕ್ಕಿದೆ, ಯಾವುದೂ ಮಿಕ್ಕೆರಡನ್ನು ಹೊರದಬ್ಬಿಲ್ಲ. ಹಿಂದೆ ವೀಕ್ಷಕರು ತಲೆಚಚ್ಚಿಕೊಂಡು ಬದಿಗಿಡುತ್ತಿದ್ದ ಏರುಪೇರೇ ಇಂದು ನಕ್ಷತ್ರದ ಒಳಹೊರಗಿನ ಸುದ್ದಿ ತರುವ ಅಂಚೆಯಾಗಿದೆ ಎಂಬುದು ನನ್ನ ಓದಿನಿಂದ ಬಂದ ಅಭಿಪ್ರಾಯ. ನಿಯತವಾಗಿ ಬಡಿಯುವ ನಕ್ಷತ್ರ ಒಂದೇ ಮಾತನ್ನು ಮತ್ತೆಮತ್ತೆ ಹೇಳುತ್ತದೆ, ಇವು ಹಾಗಲ್ಲ.

ಈ ಹಂತಕ್ಕೆ ನಕ್ಷತ್ರ ಬರುವ ಬಗೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಗರ್ಭದ ಹೈಡ್ರೋಜನ್ ಮುಗಿದ ಮೇಲೆ ಸೂರ್ಯನಂಥ ನಕ್ಷತ್ರದ ಗರ್ಭ ಕುಗ್ಗುತ್ತದೆ, ಹೊರಪದರ ಉಬ್ಬುತ್ತದೆ, ಮೇಲ್ಮೈ ತಣ್ಣಗಾಗಿ ಕೆಂಪಾಗುತ್ತದೆ. ಮುಂದೆ ಗರ್ಭದ ಹೀಲಿಯಂ ಕೂಡ ಉರಿದು ಇಂಗಾಲ, ಆಮ್ಲಜನಕಗಳ ಗಟ್ಟಿ ತಿರುಳು ಉಳಿಯುತ್ತದೆ. ಅದರ ಸುತ್ತ ಹೀಲಿಯಂ ಮತ್ತು ಹೈಡ್ರೋಜನ್‌ಗಳ ತೆಳು ಪದರಗಳು ಸರದಿಯ ಮೇಲೆ ಉರಿಯುತ್ತವೆ. ಆಗ ನಕ್ಷತ್ರದ ವ್ಯಾಸ ಸೂರ್ಯನ ನೂರಾರು ಪಟ್ಟು, ಒಟ್ಟು ಬೆಳಕು ಸಾವಿರಾರು ಪಟ್ಟು, ಮೇಲ್ಮೈಯ ತಾಪ ಮಾತ್ರ 3000 ಕೆಲ್ವಿನ್ ಆಸುಪಾಸು. ನಮ್ಮ ಸೂರ್ಯನಿಗೂ ಸುಮಾರು ಐನೂರು ಕೋಟಿ ವರ್ಷಗಳಾಚೆ ಇದೇ ಪಾಡು. ಇಷ್ಟು ಹಿಗ್ಗಿದ ಹೊರಪದರದ ಮೇಲೆ ಗುರುತ್ವದ ಹಿಡಿತ ಸಡಿಲ. ಅಂಥದ್ದು ನಡುಗದೆ ನಿಂತಿದ್ದರೇ ಆಶ್ಚರ್ಯಪಡಬೇಕಾಗಿತ್ತು.

ರೂಪವಿಕಾರಿಗಳ ಕಥೆ ಶುರುವಾಗುವುದು 1596ರ ಆಗಸ್ಟಿನಲ್ಲಿ. ಡೇವಿಡ್ ಫ್ಯಾಬ್ರೀಷಿಯಸ್ ತಿಮಿಂಗಿಲ ಪುಂಜದಲ್ಲಿ ಕಂಡ ನಕ್ಷತ್ರವೊಂದು ಕೆಲವೇ ವಾರಗಳಲ್ಲಿ ಕಣ್ಮರೆಯಾಯಿತು. ಅದು ಮೀರಾ. 1638ರಲ್ಲಿ ಯೋಹಾನ್ನೆಸ್ ಹಾಲ್ವಾರ್ಡಾ ಅದು ಮತ್ತೆಮತ್ತೆ ಬಂದು ಹೋಗುತ್ತದೆಂದು ಕಂಡುಕೊಂಡರು. ಅವಧಿ ಸುಮಾರು 332 ದಿನ. ಮೀರಾ ನಿಯತ ಎನ್ನಿಸಿಕೊಂಡಿತು. ಅದರ ಜಾತಿಗೆ ಅದರದ್ದೇ ಹೆಸರು ಬಂತು. ಆಮೇಲೆ ಕಂಡ ಕೆಂಪು ನಕ್ಷತ್ರಗಳು ಅಷ್ಟು ಶಿಸ್ತಿನವಾಗಿರಲಿಲ್ಲ. ವಿಲಿಯಂ ಹರ್ಷೆಲ್ ಗಾರ್ನೆಟ್ ಹರಳಿನ ಬಣ್ಣದ್ದೆಂದು ಬಣ್ಣಿಸಿದ ಮ್ಯೂ ಸೆಫೈ, ಅವರ ಮಗ ಜಾನ್ ಹರ್ಷೆಲ್ 1836ರಲ್ಲಿ ಹೊಳಪು ಬದಲಾಗುತ್ತಿರುವುದನ್ನು ಗುರುತಿಸಿದ ಆರ್ದ್ರಾ, ಅಂದರೆ ಬೀಟಲ್‌ಜೂಸ್, ಇವೆಲ್ಲ ತಮಗಿಷ್ಟ ಬಂದಂತೆ ಏರಿಳಿದವು. 1844ರಲ್ಲಿ ಜರ್ಮನಿಯ ಆರ್ಗೆಲಾಂಡರ್ ಖಗೋಳಾಸಕ್ತರೆಲ್ಲರಿಗೂ ಕರೆಕೊಟ್ಟರು: ಇಂಥ ನಕ್ಷತ್ರಗಳನ್ನು ಬರಿಗಣ್ಣಿನಿಂದಲೇ ಅಳೆಯಬಹುದು, ಬನ್ನಿ, ಕೈಜೋಡಿಸಿ. ಹೋಲಿಕೆಯ ವಿಧಾನವನ್ನೂ ಅವರೇ ಹೇಳಿಕೊಟ್ಟರು. 1911ರಲ್ಲಿ ಅಮೆರಿಕದಲ್ಲಿ ಹುಟ್ಟಿದ ರೂಪವಿಕಾರಿ ವೀಕ್ಷಕರ ಸಂಘ, ಎಎವಿಎಸ್‌ಒ, ಆ ಕರೆಯ ಮೊಮ್ಮಗು ಎನ್ನಬಹುದು.

ಈ ಕಥೆಯ ಒಂದು ಎಳೆ ನಮ್ಮ ಕಡೆಗೂ ಹಾದುಹೋಗುತ್ತದೆ. ಐದು ಕಾಂತಿಮಾನದ ಅಂತರ ಎಂದರೆ ನೂರು ಪಟ್ಟು ಬೆಳಕು ಎಂಬ ಅಳತೆಗೋಲನ್ನು 1856ರಲ್ಲಿ ಸೂಚಿಸಿದ ನಾರ್ಮನ್ ಪಾಗ್ಸನ್ 1861ರಿಂದ ಸಾಯುವ ತನಕ, 1891ರವರೆಗೆ, ಮದ್ರಾಸ್ ವೀಕ್ಷಣಾಲಯದಲ್ಲಿದ್ದರು. ಅಲ್ಲಿನ ಸಹಾಯಕ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಆರ್ ರೆಟಿಕ್ಯುಲೈ ಎಂಬ ಕೆಂಪು ನಕ್ಷತ್ರ ರೂಪವಿಕಾರಿಯೆಂದು ಪತ್ತೆಹಚ್ಚಿದರು. 1874ರ ಶುಕ್ರ ಸಂಕ್ರಮಣದ ಬಗ್ಗೆ ಅವರು ಬರೆದ ಕಿರುಹೊತ್ತಗೆ ಕನ್ನಡದಲ್ಲೂ ಅಚ್ಚಾಗಿತ್ತು. ಆ ವೀಕ್ಷಣಾಲಯ ಮುಂದೆ ಕೊಡೈಕನಾಲಿಗೆ ಹೋಗಿ, ಅದರ ಪರಂಪರೆ ಈಗ ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಗೆ ಬಂದಿದೆ. ಇನ್ನೊಬ್ಬರು ಜೆಸ್ಸೋರಿನ ರಾಧಾಗೋಬಿಂದ ಚಂದ್ರ. ಖಜಾನೆಯಲ್ಲಿ ಸಣ್ಣ ನೌಕರಿ, ರಾತ್ರಿಯೆಲ್ಲ ನಕ್ಷತ್ರ. ಎಎವಿಎಸ್‌ಒ ಅವರ ಕೆಲಸ ಮೆಚ್ಚಿ 1926ರಲ್ಲಿ ಆರಂಗುಲದ ದೂರದರ್ಶಕವನ್ನೇ ಕಳಿಸಿಕೊಟ್ಟಿತು. ಒಟ್ಟು 37 ಸಾವಿರಕ್ಕೂ ಹೆಚ್ಚು ಅಂದಾಜುಗಳನ್ನು ಕಳಿಸಿದ ಈ ಮನುಷ್ಯ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅವರ ದೂರದರ್ಶಕ ಕೊನೆಗೆ ಖಗೋಳವಿಜ್ಞಾನಿ ವೇಣು ಬಾಪು ಅವರ ಕೈಸೇರಿತು.

ಅಂದಾಜು ಮಾಡುವುದು ಹೇಗೆ ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು, ಏಕೆಂದರೆ ಈ ಕ್ಷೇತ್ರದ ಬಲ ದೌರ್ಬಲ್ಯ ಎರಡೂ ಇಲ್ಲೇ ಇವೆ. ಜನವರಿಯ ರಾತ್ರಿ ಆರ್ದ್ರಾ ಎತ್ತರಕ್ಕೆ ಬಂದಿರುತ್ತದೆ. ಅದರಷ್ಟೇ ಎತ್ತರದಲ್ಲಿರುವ ಎರಡು ನಕ್ಷತ್ರಗಳನ್ನು ಆರಿಸಿಕೊಳ್ಳಬೇಕು, ಒಂದು ಅದಕ್ಕಿಂತ ಪ್ರಖರ, ಇನ್ನೊಂದು ಮಂಕು. ಪ್ರೋಸಿಯಾನ್‌ನ ಕಾಂತಿಮಾನ 0.4, ರೋಹಿಣಿಯದು 0.9. ಈ ಲೆಕ್ಕದಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಹೊಳಪು ಕಡಿಮೆ. ಎರಡರ ನಡುವಿನ ಅಂತರವನ್ನು ಮನಸ್ಸಿನಲ್ಲೇ ಐದು ಪಾಲು ಮಾಡಿ, ಆರ್ದ್ರಾ ಪ್ರೋಸಿಯಾನ್‌ನಿಂದ ಎರಡು ಪಾಲು ಕೆಳಗಿದೆ ಎನ್ನಿಸಿದರೆ 0.6 ಎಂದು ಬರೆದುಕೊಳ್ಳುವುದು. ಸುಲಭವಾಗಿ ಕಾಣುತ್ತದೆ. ತೊಡಕಿರುವುದು ಕೆಂಪು ಬಣ್ಣದಲ್ಲಿ. ಕೆಂಪು ನಕ್ಷತ್ರವನ್ನು ದಿಟ್ಟಿಸಿದಷ್ಟೂ ಅದು ಪ್ರಖರವಾಗುತ್ತಾ ಹೋದಂತೆ ಕಣ್ಣಿಗೆ ಭಾಸವಾಗುತ್ತದೆ. ಅದಕ್ಕೇ ಅನುಭವಿಗಳು ದಿಟ್ಟಿಸುವುದಿಲ್ಲ. ಕಣ್ಣು ಹಾಯಿಸಿ ತಕ್ಷಣ ತೆಗೆಯುತ್ತಾರೆ. ಬೆಳದಿಂಗಳಿದ್ದರೆ ಲೆಕ್ಕ ಬೇರೆ, ವಯಸ್ಸಾದ ಕಣ್ಣಿನ ಲೆಕ್ಕ ಬೇರೆ. ಒಬ್ಬರ ಒಂದು ಅಂದಾಜಿನಲ್ಲಿ ಕಾಲು ಕಾಂತಿಮಾನದ ತಪ್ಪು ಮಾಮೂಲು. ಆದರೆ ನೂರು ಜನ ನೂರು ವರ್ಷ ನೋಡಿದಾಗ ತಪ್ಪುಗಳು ಒಂದನ್ನೊಂದು ತಿಂದುಹಾಕಿ, ನಕ್ಷತ್ರದ ನಡೆ ಉಳಿದುಕೊಳ್ಳುತ್ತದೆ.

ಹೀಗೆ ಕೂಡಿಬಂದ ಹೊಳಪಿನ ರೇಖೆಗಳನ್ನು ವಿಂಗಡಿಸುವ ಕೆಲಸ ಮಾಸ್ಕೋದಲ್ಲಿ ನಡೆಯಿತು. 1948ರಲ್ಲಿ ಮೊದಲು ಪ್ರಕಟವಾದ ರೂಪವಿಕಾರಿಗಳ ಸಾಮಾನ್ಯ ಪಟ್ಟಿಯೇ ಇಂದಿಗೂ ಆಧಾರ. ಅದರ ಪ್ರಕಾರ ಏರಿಳಿತ 2.5 ಕಾಂತಿಮಾನಕ್ಕಿಂತ ಹೆಚ್ಚಿದ್ದು ಲಯ ಗಟ್ಟಿಯಾಗಿದ್ದರೆ ಮೀರಾ, ಲಯವಿದ್ದೂ ಏರಿಳಿತ ಕಡಿಮೆಯಿದ್ದರೆ ಎಸ್‌ಆರ್‌ಎ, ಲಯ ಅಸ್ಪಷ್ಟವಾಗಿದ್ದರೆ ಎಸ್‌ಆರ್‌ಬಿ, ಅತಿದೈತ್ಯರಿಗೆ ಎಸ್‌ಆರ್‌ಸಿ, ಹಳದಿ ಬಣ್ಣದವಕ್ಕೆ ಎಸ್‌ಆರ್‌ಡಿ. ಕಚೇರಿಯ ಕಡತಕ್ಕೆ ಇದು ಸಾಕು, ಭೌತವಿಜ್ಞಾನಕ್ಕೆ ಸಾಲದು. 2.4ಕ್ಕೂ 2.6ಕ್ಕೂ ನಡುವೆ ನಿಸರ್ಗ ಗೋಡೆ ಕಟ್ಟಿಲ್ಲ. ಆರ್ದ್ರಾದಂತೆ ಸೂರ್ಯನ ಹದಿನೈದಿಪ್ಪತ್ತು ಪಟ್ಟು ದ್ರವ್ಯರಾಶಿಯ ಅತಿದೈತ್ಯನನ್ನೂ ಸೂರ್ಯನಷ್ಟೇ ತೂಗುವ ಮುದಿ ದೈತ್ಯನನ್ನೂ ಒಂದೇ ಚೀಟಿಯ ಕೆಳಗೆ ತಂದದ್ದಂತೂ ನಡತೆಯ ಹೋಲಿಕೆಯಿಂದ, ನೆಂಟಸ್ತಿಕೆಯಿಂದಲ್ಲ. ಈ ಪಟ್ಟಿಯನ್ನು ನಂಬಿ ಎಸ್‌ಆರ್‌ಎ ಮತ್ತು ಎಸ್‌ಆರ್‌ಬಿ ಎಂಬ ಎರಡು ಬಗೆಯ ನಕ್ಷತ್ರಗಳಿವೆ ಎಂದು ವಾದಿಸುವುದು ವ್ಯರ್ಥ ಶ್ರಮ.

2.5 ಎಂಬ ಗೆರೆ ಏಕೆ ಇಷ್ಟು ಪೊಳ್ಳು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಮೀರಾ ಕಣ್ಣಿಗೆ ನೂರಾರು ಪಟ್ಟು ಮಂಕಾಗುತ್ತದೆ, ಆದರೆ ಅವಕೆಂಪಿನಲ್ಲಿ ಅಳೆದರೆ ಏರಿಳಿತ ಒಂದು ಕಾಂತಿಮಾನದ ಸುಮಾರಿನಲ್ಲಿ ನಿಲ್ಲುತ್ತದೆ. ನಕ್ಷತ್ರ ಸ್ವಲ್ಪ ತಣ್ಣಗಾದೊಡನೆ ಅದರ ವಾತಾವರಣದಲ್ಲಿ ಟೈಟಾನಿಯಂ ಆಕ್ಸೈಡ್ ಅಣುಗಳು ಹೇರಳವಾಗಿ ಕೂಡಿಕೊಳ್ಳುತ್ತವೆ. ಅವು ಕಣ್ಣಿಗೆ ಕಾಣುವ ಬೆಳಕನ್ನೇ ಹೀರಿಕೊಳ್ಳುತ್ತವೆ. ಒಳಗಿನ ಸಣ್ಣ ಬದಲಾವಣೆ ನಮ್ಮ ಕಣ್ಣಿಗೆ ಹತ್ತು ಪಟ್ಟಾಗಿ ತಲುಪುತ್ತದೆ. ಕಣ್ಣನ್ನು ನಂಬಿ ಕಟ್ಟಿದ ವರ್ಗೀಕರಣ ನಕ್ಷತ್ರದ ಬಡಿತದಷ್ಟೇ ಈ ಅಣುಗಳ ಚೇಷ್ಟೆಯನ್ನೂ ಅಳೆಯುತ್ತಿತ್ತು.

ಮೊದಲನೆಯ ಉತ್ತರ: ಒಡಲು. ನಕ್ಷತ್ರ ಇಡಿಯಾಗಿ ಹಿಗ್ಗಿ ಕುಗ್ಗುವುದು ಮೂಲ ಸ್ಪಂದನ. ಒಳಗೆ ಒಂದು ಪದರ ನಿಶ್ಚಲವಾಗಿದ್ದು, ಅದರ ಮೇಲಿನ ಭಾಗ ಹಿಗ್ಗುವಾಗ ಕೆಳಗಿನದು ಕುಗ್ಗಿದರೆ ಅದು ಮೊದಲ ಮೇಲ್‌ಸ್ವರ. ಅವಧಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆರ್ ಡೊರಾಡಸ್‌ನ 332 ಮತ್ತು 175 ದಿನಗಳನ್ನು ಬೆಡ್ಡಿಂಗ್ ತಂಡ ಓದಿದ್ದು ನಕ್ಷತ್ರ ಇಂಥ ಒಂದು ಸ್ವರದಿಂದ ಇನ್ನೊಂದಕ್ಕೆ ಬದಲಾಗುತ್ತಿದೆ ಎಂದು. 1999ರಲ್ಲಿ ಹಂಗೆರಿಯ ಲಾಸ್ಲೊ ಕಿಶ್ ಮತ್ತು ಸಂಗಡಿಗರು ಹವ್ಯಾಸಿಗಳ ದಾಖಲೆಗಳಿಂದ 93 ಅರೆನಿಯತ ಕೆಂಪು ನಕ್ಷತ್ರಗಳನ್ನು ಪರಿಶೀಲಿಸಿದಾಗ ಬಹುಪಾಲಿನಲ್ಲಿ ಎರಡು ಅಥವಾ ಹೆಚ್ಚು ಅವಧಿಗಳು ಸಿಕ್ಕವು. ಅನೇಕ ನಕ್ಷತ್ರಗಳ ಮಟ್ಟಿಗೆ ಗೊಂದಲವೆಂದು ಕಂಡದ್ದು ಎರಡು ಸ್ವರಗಳು ಒಂದರ ಮೇಲೊಂದು ಬಿದ್ದದ್ದರ ಫಲ.

ಅದೇ ಹೊತ್ತಿಗೆ ಇನ್ನೊಂದು ದಿಕ್ಕಿನಿಂದ ದೊಡ್ಡ ನೆರವು ಬಂತು. ಮ್ಯಾಚೋ ಎಂಬ ಯೋಜನೆ ಹುಡುಕುತ್ತಿದ್ದದ್ದು ಕಪ್ಪು ದ್ರವ್ಯವನ್ನು. ದೊಡ್ಡ ಮೆಗೆಲ್ಲಾನಿಕ್ ಮೋಡದ ಲಕ್ಷಾಂತರ ನಕ್ಷತ್ರಗಳನ್ನು ಅದು ವರ್ಷಗಟ್ಟಲೆ ರಾತ್ರಿ ರಾತ್ರಿ ಚಿತ್ರಿಸಿತು. ಹುಡುಕಿದ್ದು ನಿರೀಕ್ಷಿಸಿದಷ್ಟು ಸಿಗಲಿಲ್ಲ, ಆದರೆ ರೂಪವಿಕಾರಿಗಳ ಖಜಾನೆಯೇ ಸಿಕ್ಕಿತು. ಆಸ್ಟ್ರೇಲಿಯಾದ ಪೀಟರ್ ವುಡ್ 1999ರಲ್ಲಿ ಕೆಂಪು ದೈತ್ಯರ ಅವಧಿಯನ್ನೂ ಹೊಳಪನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿದಾಗ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗದೆ ಐದು ಪಟ್ಟಿಗಳಾಗಿ ಕೂತವು. ಆ ಮೋಡದ ನಕ್ಷತ್ರಗಳೆಲ್ಲ ನಮ್ಮಿಂದ ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ ದೂರದ ತಕರಾರಿಲ್ಲ. ಕಾಣುವ ಹೊಳಪೇ ನಿಜದ ಹೊಳಪಿನ ಅಳತೆ. ವುಡ್ ಪಟ್ಟಿಗಳಿಗೆ ಎ, ಬಿ, ಸಿ, ಡಿ, ಇ ಎಂದು ಹೆಸರಿಟ್ಟರು. ಸಿ ಪಟ್ಟಿಯಲ್ಲಿ ಮೀರಾಗಳು, ಮೂಲ ಸ್ಪಂದನದವು. ಅದರ ಎಡಕ್ಕೆ, ಕಡಿಮೆ ಅವಧಿಯ ಪಟ್ಟಿಗಳಲ್ಲಿ, ಮೇಲ್‌ಸ್ವರಗಳಲ್ಲಿ ಮಿಡಿಯುವ ಅರೆನಿಯತಗಳು. ಇ ಪಟ್ಟಿಯವು ಜೋಡಿ ನಕ್ಷತ್ರಗಳು. ಡಿ ಪಟ್ಟಿಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದೊಂದು ಪ್ರತ್ಯೇಕ ತಲೆನೋವು. ಪೋಲೆಂಡಿನ ಖಗೋಳವಿಜ್ಞಾನಿಗಳು ಚಿಲಿಯಲ್ಲಿ ನಡೆಸುವ ಓಗಲ್ ಸಮೀಕ್ಷೆ ಈ ನಕ್ಷೆಯನ್ನು ಇನ್ನಷ್ಟು ನವುರಾಗಿ ಬಿಡಿಸಿ, ಪಟ್ಟಿಗಳೊಳಗೆ ಪಟ್ಟಿಗಳನ್ನು ತೋರಿಸಿತು.

ಹಾಗಾದರೆ ಸ್ವರ ಇದೆ. ಅದನ್ನು ನುಡಿಸುವವರು ಯಾರು? ಸೆಫೀಡ್‌ಗಳಂಥ ನಿಯತ ನಕ್ಷತ್ರಗಳಲ್ಲಿ ಒಳಗಿನ ಒಂದು ಪದರ ಶಾಖವನ್ನು ಹಿಡಿದು ಬಿಟ್ಟು ಸ್ಪಂದನವನ್ನು ತಾನೇ ನಡೆಸಿಕೊಂಡು ಹೋಗುತ್ತದೆ. ಸೂರ್ಯನಲ್ಲಿ ಹಾಗಿಲ್ಲ, ಕುದಿಯುವ ಅನಿಲದ ಗುದ್ದಿನಿಂದ ಅದು ಕಂಪಿಸುತ್ತದೆ. ದೇವಸ್ಥಾನದ ಗಂಟೆಯ ನಾದ ಗಂಟೆಯದೇ, ಆದರೆ ಯಾವಾಗ, ಎಷ್ಟು ಜೋರಾಗಿ ಎನ್ನುವುದು ಬಂದುಹೋಗುವ ಭಕ್ತರ ಕೈಯಲ್ಲಿದೆ. ಅರೆನಿಯತ ದೈತ್ಯರೂ ಹೀಗೇ ಇರಬಹುದೆಂದು 2001ರಲ್ಲಿ ಕ್ರಿಸ್ಟೆನ್ಸನ್-ಡಾಲ್ಸ್‌ಗಾರ್ಡ್, ಕೆಲ್ಡ್‌ಸನ್ ಮತ್ತು ಎಎವಿಎಸ್‌ಒದ ಆಗಿನ ನಿರ್ದೇಶಕಿ ಜ್ಯಾನೆಟ್ ಮಟ್ಟೈ ವಾದಿಸಿದರು. ಏರಿಳಿತದ ಪ್ರಮಾಣವೂ ಆ ಪ್ರಮಾಣದ ಚಂಚಲತೆಯೂ ಒಂದಕ್ಕೊಂದು ಇಂಥದೇ ಸಂಬಂಧದಲ್ಲಿರಬೇಕು ಎಂಬುದು ಗುದ್ದಿನ ಸಿದ್ಧಾಂತದ ನಿರೀಕ್ಷೆ. ಹವ್ಯಾಸಿಗಳ ಅಂಕಿಗಳು ಅದಕ್ಕೆ ಹೊಂದಿದವು. ಏರಿಳಿತ ತೀರ ಹೆಚ್ಚಿರುವ ಮೀರಾಗಳು ಮಾತ್ರ ಆ ಸಾಲಿನಿಂದ ಹೊರಗುಳಿದವು. ಆಮೇಲೆ ಕೊರೋ ಮತ್ತು ಕೆಪ್ಲರ್ ಉಪಗ್ರಹಗಳು ಸಾವಿರಾರು ಸಣ್ಣ ಕೆಂಪು ದೈತ್ಯರಲ್ಲಿ ಸೂರ್ಯನ ಬಗೆಯ ಕಂಪನಗಳನ್ನು ಅಳೆದವು. ಹೊರಗಿನಿಂದ ಒಂದೇ ತರಹ ಕಾಣುವ ಎರಡು ದೈತ್ಯರಲ್ಲಿ ಯಾರ ಗರ್ಭದಲ್ಲಿ ಹೀಲಿಯಂ ಉರಿಯುತ್ತಿದೆ, ಯಾರದ್ದರಲ್ಲಿ ಇನ್ನೂ ಇಲ್ಲ ಎಂಬುದನ್ನು 2011ರಲ್ಲಿ ಬೆಡ್ಡಿಂಗ್ ತಂಡ ಕಂಪನದಿಂದಲೇ ಬೇರ್ಪಡಿಸಿ ತೋರಿಸಿತು.

ಈಗಿನ ಬಹುಜನಾಭಿಪ್ರಾಯ ಹೀಗಿದೆ: ಸಣ್ಣ ದೈತ್ಯರು ಗುದ್ದಿನಿಂದ ಕಂಪಿಸುತ್ತಾರೆ, ಮೀರಾಗಳು ತಾವೇ ತಮ್ಮನ್ನು ನಡೆಸಿಕೊಳ್ಳುತ್ತವೆ, ಅರೆನಿಯತಗಳು ಈ ಎರಡರ ನಡುವಿನ ಗಡಿಯಲ್ಲಿವೆ. ಗಡಿಯಲ್ಲಿ ಎರಡೂ ಕಾರಣ ಒಟ್ಟಿಗೆ ಕೆಲಸ ಮಾಡುವಾಗ ಯಾವುದರ ಪಾಲೆಷ್ಟು ಎಂದು ಲೆಕ್ಕಹಾಕುವ ಸಿದ್ಧಾಂತ ಇನ್ನೂ ಕೈಗೆ ಬಂದಿಲ್ಲ. ಸಂವಹನ, ಅಂದರೆ ಕುದಿತದ ಗಣಿತವೇ ಇಲ್ಲಿ ಅಡ್ಡಗಾಲು.

ಎರಡನೆಯ ಉತ್ತರ ಆ ಕುದಿತದ್ದೇ. ಸೂರ್ಯನ ಮೇಲ್ಮೈಯಲ್ಲಿ ಒಂದು ಸಾವಿರದಿಂದ ಒಂದೂವರೆ ಸಾವಿರ ಕಿಲೋಮೀಟರ್ ಅಗಲದ ಸುಮಾರು ಇಪ್ಪತ್ತು ಲಕ್ಷ ಕಣಗಳು, ಅಂದರೆ ಅನಿಲದ ಗುಳ್ಳೆಗಳು, ಸದಾ ಕುದಿಯುತ್ತಿರುತ್ತವೆ. 1975ರಲ್ಲಿ ಮಾರ್ಟಿನ್ ಶ್ವಾರ್ಜ್‌ಶಿಲ್ಡ್ ಒಂದು ಸರಳ ತರ್ಕ ಮುಂದಿಟ್ಟರು. ಕಣದ ಗಾತ್ರ ಗುರುತ್ವ ಕಡಿಮೆಯಾದಷ್ಟೂ ಹೆಚ್ಚುತ್ತದೆ. ಕೆಂಪು ದೈತ್ಯದ ಮೇಲ್ಮೈಯಲ್ಲಿ ಗುರುತ್ವ ತೀರ ಕಡಿಮೆ. ಆದ್ದರಿಂದ ಅಲ್ಲಿ ಕೆಲವೇ ಕೆಲವು ದೈತ್ಯ ಕಣಗಳಿರಬೇಕು. ಹಾಗಿದ್ದರೆ ಒಂದೇ ಒಂದು ಕಣ ತಣ್ಣಗಾದರೂ ಇಡೀ ನಕ್ಷತ್ರ ಮಂಕಾದಂತೆ ಕಾಣುತ್ತದೆ. ನಲವತ್ತಕ್ಕೂ ಹೆಚ್ಚು ವರ್ಷ ಇದು ತರ್ಕವಾಗಿಯೇ ಉಳಿಯಿತು. ಕ್ಲೌಡಿಯಾ ಪಲಾಡಿನಿ ಮತ್ತು ತಂಡ ಚಿಲಿಯಲ್ಲಿ ಹಲವು ದೂರದರ್ಶಕಗಳ ಬೆಳಕನ್ನು ಒಟ್ಟುಗೂಡಿಸಿ, ಸುಮಾರು 530 ಜ್ಯೋತಿರ್ವರ್ಷ ದೂರದ ಪೈ-1 ಗ್ರುಯಿಸ್ ಎಂಬ ಅರೆನಿಯತ ದೈತ್ಯದ ಮೇಲ್ಮೈಯ ಚಿತ್ರ ತೆಗೆದದ್ದು 2017ರ ಕೊನೆಯಲ್ಲಿ ಪ್ರಕಟವಾಯಿತು. ಒಂದೊಂದು ಕಣದ ಅಗಲ ಸುಮಾರು 12 ಕೋಟಿ ಕಿಲೋಮೀಟರ್, ನಕ್ಷತ್ರದ ವ್ಯಾಸದ ಕಾಲು ಭಾಗಕ್ಕಿಂತ ತುಸು ಹೆಚ್ಚು! ಸೂರ್ಯನಿಂದ ಶುಕ್ರಗ್ರಹದಾಚೆಗೆ ಚಾಚುವಷ್ಟು.

ಚಿತ್ರ ನಿಂತ ಚಿತ್ರವಾಗಿತ್ತು; ಚಲನೆ ಕಾಣಲಿಲ್ಲ. ಅದನ್ನು ತೋರಿಸಿದ್ದು 2023ರ ಜುಲೈ ಮತ್ತು ಆಗಸ್ಟ್‌ನಲ್ಲಿ ಆಲ್ಮಾ ರೇಡಿಯೊ ದೂರದರ್ಶಕ. ನೋಡಿದ್ದು ಆರ್ ಡೊರಾಡಸನ್ನೇ. ನಮ್ಮಿಂದ ಸುಮಾರು 180 ಜ್ಯೋತಿರ್ವರ್ಷ ದೂರದ ಈ ನಕ್ಷತ್ರದ ವ್ಯಾಸ ಸೂರ್ಯನ ಮುನ್ನೂರಕ್ಕೂ ಹೆಚ್ಚು ಪಟ್ಟು; ಸೂರ್ಯನನ್ನು ಬಿಟ್ಟರೆ ಭೂಮಿಯಿಂದ ಅತಿ ದೊಡ್ಡದಾಗಿ ಕಾಣುವ ನಕ್ಷತ್ರ ಇದು. ಸೂರ್ಯನ 75 ಪಟ್ಟು ದೊಡ್ಡ ಅನಿಲದ ಗುಳ್ಳೆಗಳು ಮೇಲೇರಿ ಮುಳುಗುವುದು ಚಿತ್ರಗಳ ಸರಣಿಯಲ್ಲಿ ಕಂಡಿತು. ಅವು ಸುಮಾರು ಒಂದು ತಿಂಗಳಲ್ಲಿ ಬದಲಾಗುತ್ತಿದ್ದವು, ಸೂರ್ಯನ ಕುದಿತದಿಂದ ಅಂದಾಜಿಸಿದ್ದಕ್ಕಿಂತ ಬೇಗ. ಏಕೆ ಬೇಗ ಎಂಬುದಕ್ಕೆ 2024ರಲ್ಲಿ ಫಲಿತಾಂಶ ಪ್ರಕಟಿಸಿದ ವೌಟರ್ ವ್ಲೆಮಿಂಗ್ಸ್ ತಂಡದ ಬಳಿಯೂ ವಿವರಣೆ ಇರಲಿಲ್ಲ.

ಈ ಗುಳ್ಳೆಗಳು ಇನ್ನೊಂದು ಪೇಚನ್ನೂ ತಂದಿಟ್ಟಿವೆ. ನಕ್ಷತ್ರದ ದೂರ ತಿಳಿಯಬೇಕಾದರೆ ಭೂಮಿ ಸೂರ್ಯನನ್ನು ಸುತ್ತುವಾಗ ಅದು ಆಕಾಶದಲ್ಲಿ ಎಷ್ಟು ಅತ್ತಿತ್ತ ಸರಿದಂತೆ ಕಾಣುತ್ತದೆಂದು ಅಳೆಯಬೇಕು. ಸೂರ್ಯನಿಗೂ ಭೂಮಿಗೂ ಇರುವ ಅಂತರಕ್ಕಿಂತ ದೊಡ್ಡ ವ್ಯಾಸದ ನಕ್ಷತ್ರದ ವಿಷಯದಲ್ಲಿ ಆ ಸರಿತಕ್ಕಿಂತ ನಕ್ಷತ್ರದ ಬಿಂಬವೇ ದೊಡ್ಡದಾಗಿರುತ್ತದೆ. ಆ ಬಿಂಬದ ಮೇಲೆ ಒಂದು ಪ್ರಖರ ಗುಳ್ಳೆ ಎಡಕ್ಕೆದ್ದರೆ ಬೆಳಕಿನ ಕೇಂದ್ರ ಎಡಕ್ಕೆ ವಾಲುತ್ತದೆ, ಇಡೀ ನಕ್ಷತ್ರವೇ ಸರಿದಂತಾಗುತ್ತದೆ. ಆರ್ದ್ರಾದ ದೂರದ ಬಗ್ಗೆ ಇಂದಿಗೂ 500ರಿಂದ 700 ಜ್ಯೋತಿರ್ವರ್ಷಗಳ ನಡುವೆ ಎಳೆದಾಟ ನಡೆದಿರುವುದಕ್ಕೆ ಇದೊಂದು ಕಾರಣ. ದೂರ ಗೊತ್ತಿಲ್ಲದಿದ್ದರೆ ನಿಜವಾದ ಹೊಳಪು ಗೊತ್ತಿಲ್ಲ. ಹೊಳಪು ಗೊತ್ತಿಲ್ಲದಿದ್ದರೆ ದ್ರವ್ಯರಾಶಿಯೂ ವಯಸ್ಸೂ ಊಹೆಯೇ. ಕಣ್ಣಿಗೆ ರಾಚುವಂತಿರುವ ನಕ್ಷತ್ರದ ದೂರ ನಮಗೆ ಮಂಕು ನಕ್ಷತ್ರಗಳ ದೂರಕ್ಕಿಂತ ಕಡಿಮೆ ಗೊತ್ತು.

ಮೂರನೆಯ ಉತ್ತರ ಹೊರಗಿನದು. ಪಪಿಸ್ ಪುಂಜದ ಎಲ್-2 ಪಪಿಸ್ ಸುಮಾರು 200 ಜ್ಯೋತಿರ್ವರ್ಷ ದೂರದ, 140 ದಿನಗಳ ಆಸುಪಾಸಿನ ಲಯದ ಅರೆನಿಯತ ದೈತ್ಯ. 1994ರ ಸುಮಾರಿನಿಂದ ಅದು ಮಂಕಾಗತೊಡಗಿ ಎರಡು ಕಾಂತಿಮಾನಕ್ಕೂ ಹೆಚ್ಚು ಕುಸಿಯಿತು. ಲಯ ಮಾತ್ರ ತನ್ನ ಪಾಡಿಗೆ ನಡೆದೇ ಇತ್ತು. ಬಡಿತ ನಿಲ್ಲದೆ ಬೆಳಕಷ್ಟೇ ಕುಸಿದರೆ ನಡುವೆ ಏನೋ ಅಡ್ಡ ಬಂದಿರಬೇಕು. 2014ರಿಂದ ಪಿಯರ್ ಕೆರ್ವೆಲ್ಲಾ ತಂಡ ಪ್ರಕಟಿಸಿದ ಚಿತ್ರಗಳಲ್ಲಿ ನಕ್ಷತ್ರದ ಸುತ್ತ, ನಮಗೆ ಅಂಚು ತೋರಿಸಿಕೊಂಡು ನಿಂತ ಧೂಳಿನ ತಟ್ಟೆ ಕಂಡಿತು. 2016ರಲ್ಲಿ ಆಲ್ಮಾ ಅನಿಲದ ಸುತ್ತುವೇಗ ಅಳೆದು ನಕ್ಷತ್ರದ ದ್ರವ್ಯರಾಶಿ ಸೂರ್ಯನ ಮೂರನೇ ಎರಡು ಪಾಲು ಎಂದು ತೋರಿಸಿತು. ಹುಟ್ಟಿದಾಗ ಅದು ಸೂರ್ಯನಷ್ಟೇ ಇದ್ದು, ಮೂರನೇ ಒಂದು ಪಾಲನ್ನು ಈಗಾಗಲೇ ಗಾಳಿಗೆ ಬಿಟ್ಟಿದೆ ಎಂದು ತಂಡದ ಅಂದಾಜು. ತಟ್ಟೆಯೊಳಗೆ, ನಕ್ಷತ್ರದಿಂದ ಸೂರ್ಯ-ಭೂಮಿ ಅಂತರದ ಎರಡು ಪಟ್ಟು ದೂರದಲ್ಲಿ, ಗ್ರಹವಿರಬಹುದಾದ ಸುಳಿವೂ ಇದೆ. ಅದರ ದ್ರವ್ಯರಾಶಿಯ ಅಂದಾಜಿನಲ್ಲಿ ತಪ್ಪಿನ ಅವಕಾಶ ಅಂದಾಜಿಗಿಂತಲೂ ದೊಡ್ಡದಿರುವುದರಿಂದ ಅದನ್ನು ಗ್ರಹ ಎಂದೇ ಕರೆದುಬಿಡುವುದು ಅವಸರ.

ಇನ್ನು ವುಡ್ ಅವರ ಡಿ ಪಟ್ಟಿ. ಕೆಂಪು ದೈತ್ಯರಲ್ಲಿ ಮೂರಕ್ಕೊಂದರ ಸುಮಾರಿನಲ್ಲಿ ಮೂಲ ಲಯದ ಜೊತೆಗೆ ಅದಕ್ಕಿಂತ ಹಲವು ಪಟ್ಟು ಉದ್ದದ ಎರಡನೆಯ ಅವಧಿಯೊಂದಿದೆ. ಮೂಲ ಸ್ಪಂದನಕ್ಕಿಂತ ಉದ್ದದ ಅವಧಿ ಹಿಗ್ಗುಕುಗ್ಗಿನಿಂದ ಬರಲು ಸಾಧ್ಯವಿಲ್ಲ. ಹಾಗಾಗಿ ಇಪ್ಪತ್ತು ವರ್ಷ ಇದು ಯಾರ ಕೈಗೂ ಸಿಗದೆ ಉಳಿಯಿತು. 2021ರಲ್ಲಿ ಓಗಲ್ ತಂಡದ ಇಗೊರ್ ಸೊಶಿನ್‌ಸ್ಕಿ ಮತ್ತು ಸಂಗಡಿಗರು ಅವಕೆಂಪು ಉಪಗ್ರಹದ ದತ್ತಾಂಶವನ್ನು ಜೋಡಿಸಿ ನೋಡಿದರು. ಕಣ್ಣಿನ ಬೆಳಕಿನಲ್ಲಿ ಒಂದು ಸುತ್ತಿಗೆ ಒಂದೇ ಕುಸಿತ. ಅವಕೆಂಪಿನಲ್ಲಿ ಸುಮಾರು ಅರ್ಧ ನಕ್ಷತ್ರಗಳಲ್ಲಿ ಎರಡು ಕುಸಿತ. ಧೂಳಿನ ಮೋಡ ಹೊದ್ದ ಸಣ್ಣ ಜೊತೆಗಾರನೊಬ್ಬ ದೈತ್ಯನನ್ನು ಸುತ್ತುತ್ತಿದ್ದರೆ ಹೀಗಾಗುತ್ತದೆ. ಮುಂದೆ ಬಂದಾಗ ಧೂಳು ನಕ್ಷತ್ರದ ಬೆಳಕನ್ನು ಮರೆಮಾಡುತ್ತದೆ, ಹಿಂದೆ ಹೋದಾಗ ಧೂಳಿನ ಸ್ವಂತ ಅವಕೆಂಪು ಬೆಳಕು ಮರೆಯಾಗುತ್ತದೆ. ನಾನು ಓದಿದ ವಾದಗಳಲ್ಲಿ ಅತಿ ಅಚ್ಚುಕಟ್ಟಾದದ್ದು ಇದು. ಆದರೂ ಮೂರಕ್ಕೊಂದು ದೈತ್ಯನಿಗೆ ಇಂಥ ಜೊತೆಗಾರ ಬೇಕೆಂದಾಗ, ಅಷ್ಟು ಜೊತೆಗಾರರು ಎಲ್ಲಿಂದ ಬಂದರು ಎಂಬ ಪ್ರಶ್ನೆ ಬಾಕಿ ಉಳಿಯುತ್ತದೆ. ಗ್ರಹಗಳೇ ದೈತ್ಯನಿಂದ ಹೊರಬೀಳುವ ಅನಿಲವನ್ನು ನುಂಗಿ ದಪ್ಪಗಾದವೆಂದು ಒಂದು ಸಲಹೆ.

ಮೂರೂ ಉತ್ತರಗಳು ಒಂದೇ ಕಡೆ ಡಿಕ್ಕಿ ಹೊಡೆದದ್ದು ಆರ್ದ್ರಾದಲ್ಲಿ. 2019ರ ಡಿಸೆಂಬರಿನಲ್ಲಿ ಎಡ್ವರ್ಡ್ ಗೈನನ್ ಮತ್ತು ಸಂಗಡಿಗರು ಅದು ಅಸಾಧಾರಣವಾಗಿ ಮಂಕಾಗಿದೆಯೆಂದು ಸಾರಿದರು. 2020ರ ಫೆಬ್ರವರಿಯ ಹೊತ್ತಿಗೆ ಅದರ ಕಾಂತಿಮಾನ 1.6ರ ಸುಮಾರಿಗೆ ಇಳಿದಿತ್ತು, ಮಾಮೂಲಿ ಹೊಳಪಿನ ಮೂರನೇ ಒಂದು ಪಾಲು. ಮಹಾವ್ಯಾಧನ ಇನ್ನೊಂದು ಹೆಗಲಿನ ಬೆಲ್ಲಾಟ್ರಿಕ್ಸ್‌ಗೂ ಅದಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಸೂಪರ್‌ನೋವಾ ಬಂತು ಎಂದು ಟಿವಿಗಳು ಕೂಗಿದವು. ಬಹುಪಾಲು ಖಗೋಳವಿಜ್ಞಾನಿಗಳು ಹಾಗೆ ಹೇಳಿರಲಿಲ್ಲ. ಮಿಗೆಲ್ ಮೊಂಟಾರ್ಜೆಸ್ ತಂಡದ ಚಿತ್ರಗಳಲ್ಲಿ ನಕ್ಷತ್ರದ ದಕ್ಷಿಣ ಭಾಗವಷ್ಟೇ ಕಪ್ಪಾಗಿತ್ತು. ಮೇಲ್ಮೈಯ ಒಂದು ದೊಡ್ಡ ಭಾಗ ತಣ್ಣಗಾಗಿ, ಮೊದಲೇ ಹೊರಗೆ ಚಿಮ್ಮಿದ್ದ ಅನಿಲ ಅಲ್ಲಿ ಧೂಳಾಗಿ ಗಟ್ಟಿಕಟ್ಟಿತೆಂದು ಅವರು 2021ರಲ್ಲಿ ಬರೆದರು. ಆಂಡ್ರಿಯಾ ಡುಪ್ರೀ ತಂಡ ಹಬಲ್ ದೂರದರ್ಶಕದಿಂದ ಆ ಚಿಮ್ಮುವಿಕೆಯ ಸುಳಿವನ್ನು 2019ರ ಶರತ್ಕಾಲದಲ್ಲೇ ಹಿಡಿದಿತ್ತು. ಧೂಳು ಬೇಕಿಲ್ಲ, ದೊಡ್ಡ ಕಲೆಗಳೇ ಸಾಕು ಎಂದವರೂ ಇದ್ದರು. ನನಗೆ ಬಹಳ ಹಿಡಿಸಿದ ಸಾಕ್ಷಿ ಜಪಾನಿನ ಹಿಮವಾರಿ-8ರದ್ದು. ಅದು ಮಳೆ ಮೋಡ ನೋಡಲು ಹಾರಿಸಿದ ಹವಾಮಾನ ಉಪಗ್ರಹ; ಭೂಮಿಯ ಅಂಚಿನಾಚೆ ಅದರ ಚಿತ್ರಗಳಲ್ಲಿ ಆರ್ದ್ರಾ ಅಕಸ್ಮಾತ್ ಸಿಕ್ಕಿಬಿದ್ದಿತ್ತು. ದೈಸುಕೆ ತನಿಗುಚಿ ಮತ್ತು ಸಂಗಡಿಗರು ಆ ಚಿತ್ರಗಳಿಂದ ನಾಲ್ಕೂವರೆ ವರ್ಷದ ದತ್ತಾಂಶ ಬಗೆದು, ತಣ್ಣಗಾದದ್ದೂ ಧೂಳೂ ಹೆಚ್ಚುಕಡಿಮೆ ಸಮಪಾಲು ಎಂದು 2022ರಲ್ಲಿ ತೀರ್ಮಾನಿಸಿದರು. ಕುಸಿತದ ನಂತರ ನಕ್ಷತ್ರದ ಹಳೆಯ 400 ದಿನಗಳ ಲಯ ಮಾಯವಾಗಿ ಅದರ ಅರ್ಧದಷ್ಟರ ಲಯ ಕಾಣಿಸಿಕೊಂಡಿತು.

ಆರ್ದ್ರಾಕ್ಕೂ ಎರಡನೆಯ ಉದ್ದ ಅವಧಿಯಿದೆ, ಸುಮಾರು 2100 ದಿನ. ಅದಕ್ಕೆ ಕಾರಣ ಜೊತೆಗಾರನೇ ಇರಬೇಕೆಂದು 2024ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ವಾದಿಸಿದವು. 2025ರ ಜುಲೈನಲ್ಲಿ ಸ್ಟೀವ್ ಹೋವೆಲ್ ತಂಡ ಹವಾಯಿಯ ಜೆಮಿನಿ ದೂರದರ್ಶಕದಿಂದ, ಆ ತಂಡಗಳು ಹೇಳಿದ ಜಾಗದ ಬಳಿಯೇ, ಮಂಕು ಚುಕ್ಕೆಯೊಂದನ್ನು ಕಂಡದ್ದಾಗಿ ಪ್ರಕಟಿಸಿತು. ಅದಕ್ಕೆ ಸಿವಾರ್ಹಾ ಎಂಬ ಹೆಸರೂ ಬಂದಿದೆ. ಹೆಸರು ಬಂದಷ್ಟು ಬೇಗ ಖಾತರಿ ಬಂದಿಲ್ಲ, ಆ ಪತ್ತೆಯ ಸಾಂಖ್ಯಿಕ ಖಚಿತತೆ ಕಡಿಮೆ. ಜೊತೆಗಾರ ದೈತ್ಯನಿಂದ ಮತ್ತೆ ದೂರ ಸರಿದು ಕಾಣಲು ಅನುಕೂಲವಾಗುವುದು 2027ರ ನವೆಂಬರಿನಲ್ಲಿ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. 1952ರಲ್ಲಿ ಪಾಲ್ ಮೆರಿಲ್ ಕೆಲವು ಕೆಂಪು ದೈತ್ಯರ ರೋಹಿತದಲ್ಲಿ ಟೆಕ್ನೀಷಿಯಂ ಕಂಡರು. ಅದರ ಅತಿ ದೀರ್ಘಾಯುಷಿ ಬಗೆಯೂ ನಲವತ್ತು ಲಕ್ಷ ವರ್ಷದ ಸುಮಾರಿನಲ್ಲಿ ಅರ್ಧಕ್ಕಿಳಿಯುತ್ತದೆ. ಕೋಟಿಗಟ್ಟಲೆ ವರ್ಷದ ನಕ್ಷತ್ರದಲ್ಲಿ ಅದು ಸಿಕ್ಕಿತೆಂದರೆ ಅಲ್ಲೇ ಹೊಸದಾಗಿ ತಯಾರಾಗಿದೆ ಎಂದೇ ಅರ್ಥ. ಇಂಗಾಲವೂ ಹಲವು ಭಾರ ಧಾತುಗಳೂ ಇಂಥ ದೈತ್ಯರ ಒಡಲಿನಿಂದ ಕುದಿತದ ಮೂಲಕ ಮೇಲೆ ಬಂದು, ಸ್ಪಂದನದಿಂದ ಎತ್ತರಕ್ಕೇರಿ, ಧೂಳಾಗಿ, ಬೆಳಕಿನ ಒತ್ತಡಕ್ಕೆ ಸಿಕ್ಕಿ ಆಕಾಶಕ್ಕೆ ಹೋಗುತ್ತವೆ. ಮೇಲೆ ಬೇರೆಬೇರೆಯಾಗಿ ಹೇಳಿದ ಒಡಲು, ಮೇಲ್ಮೈ, ಹೊರಗು ಒಂದೇ ಸಾಗಣೆಯ ಮೂರು ಮಜಲುಗಳು. ಒಂದು ಮಜಲನ್ನು ಬಿಟ್ಟು ಇನ್ನೊಂದರ ಲೆಕ್ಕ ಮುಗಿಯದಿರುವುದು ಇದಕ್ಕೇ.

ದತ್ತಾಂಶಕ್ಕೆ ಈಗ ಬರವಿಲ್ಲ. ಗಾಯಾ ಉಪಗ್ರಹ 2022ರಲ್ಲಿ ಬಿಡುಗಡೆ ಮಾಡಿದ ಪಟ್ಟಿಯಲ್ಲಿ ಉದ್ದ ಅವಧಿಯ ರೂಪವಿಕಾರಿಗಳೆನ್ನಬಹುದಾದ ನಕ್ಷತ್ರಗಳೇ ಸುಮಾರು 17 ಲಕ್ಷ. ಆದರೆ ಆ ಪಟ್ಟಿ ನಿಂತಿದ್ದು 34 ತಿಂಗಳ ನೋಟದ ಮೇಲೆ, ಆರ್ದ್ರಾದ ಉದ್ದ ಅವಧಿಯ ಅರ್ಧ ಸುತ್ತಿಗಷ್ಟೇ ಸಾಕಾಗುವ ಕಾಲ. ಕೆಪ್ಲರ್ ತನ್ನ ಮೊದಲ ಜಾಗವನ್ನು ನೋಡಿದ್ದು ನಾಲ್ಕು ವರ್ಷ. ಚಿಲಿಯಲ್ಲಿ 2025ರಲ್ಲಿ ಮೊದಲ ಚಿತ್ರ ತೋರಿಸಿದ ರೂಬಿನ್ ವೀಕ್ಷಣಾಲಯ ಹತ್ತು ವರ್ಷ ಆಕಾಶವನ್ನು ಚಿತ್ರಿಸಲಿದೆ. ಅದರ ಕನ್ನಡಿ ಎಷ್ಟು ದೊಡ್ಡದೆಂದರೆ ಇಲ್ಲಿ ಹೆಸರಿಸಿದ ಒಂದು ನಕ್ಷತ್ರವನ್ನೂ ಅದು ಅಳೆಯಲಾರದು. ಇಷ್ಟು ಬೆಳಕಿಗೆ ಅದರ ಕ್ಯಾಮೆರಾ ಕುರುಡಾಗುತ್ತದೆ. ನಮ್ಮ ನೆರೆಯ ದೈತ್ಯರು ಸಣ್ಣ ದೂರದರ್ಶಕ, ಬೈನಾಕ್ಯುಲರ್, ಬರಿಗಣ್ಣುಗಳ ಪಾಲಿಗೇ ಉಳಿಯುತ್ತಾರೆ. ಎಲ್-2 ಪಪಿಸ್ ಫೆಬ್ರವರಿಯಲ್ಲಿ ಬೆಂಗಳೂರಿನ ದಕ್ಷಿಣ ದಿಗಂತದಿಂದ ಮೂವತ್ತು ಡಿಗ್ರಿಗೂ ಮೇಲೆ ಬರುತ್ತದೆ, ದಕ್ಷಿಣಕ್ಕೆ ದೀಪದ ಹಾವಳಿ ಇಲ್ಲದಿದ್ದರೆ ಬೈನಾಕ್ಯುಲರ್ ಸಾಕು. ಈಗ ಹವ್ಯಾಸಿಗಳೂ ಕ್ಯಾಮೆರಾ ಕಟ್ಟಿ ಕಣ್ಣಿಗಿಂತ ಹತ್ತು ಪಟ್ಟು ನಿಖರವಾಗಿ ಅಳೆಯುತ್ತಾರೆ. ಆದರೆ ಇಷ್ಟು ಕೆಂಪು ನಕ್ಷತ್ರವನ್ನು ಕ್ಯಾಮೆರಾದ ಸೋಸುಗಾಜು ನೋಡುವ ಬಗೆಯೇ ಬೇರೆ, ಕಣ್ಣು ನೋಡುವ ಬಗೆಯೇ ಬೇರೆ. ಒಂದರ ಅಂಕಿಯ ಮುಂದೆ ಇನ್ನೊಂದರ ಅಂಕಿಯನ್ನು ಹಾಗೇ ಬರೆದುಕೊಂಡು ಹೋದರೆ ನೂರು ವರ್ಷದ ರೇಖೆಯಲ್ಲಿ ಇಲ್ಲದ ಮೆಟ್ಟಿಲೊಂದು ಮೂಡುತ್ತದೆ. ಅದಕ್ಕಾಗಿ ಎಎವಿಎಸ್‌ಒ ಇಂದಿಗೂ ಈ ನಕ್ಷತ್ರಗಳನ್ನು ಕಣ್ಣಿನಿಂದ ನೋಡುವವರನ್ನು ನಿಲ್ಲಿಸಬೇಡಿ ಎಂದೇ ಕೇಳಿಕೊಳ್ಳುತ್ತದೆ.